ಒಗರು ಇಳಿಯುವ ತನಕ: ಹಿತ್ತಲಿನ ಪರ್ಸಿಮನ್

ಗಟ್ಟಿಯಿರುವಾಗಲೇ ಹಾಚಿಯಾ ಎಂಬ ಪರ್ಸಿಮನ್ ತಳಿಯ ಹಣ್ಣಿಗೆ ಬಾಯಿ ಹಾಕಿದವರು ಮರವನ್ನೇ ಕಡಿಸುವ ಮಾತಾಡುತ್ತಾರೆ. ಎಳೆ ಬಾಳೆಕಾಯಿ, ಹಸಿ ಅಡಿಕೆ, ಅರೆ ಮಾಗಿದ ಗೇರುಹಣ್ಣು ಮೂರನ್ನೂ ಒಟ್ಟಿಗೆ ಅಗಿದಷ್ಟು ಒಗರು. ನಾಲಿಗೆ ದಪ್ಪಗಾಗಿ ಅಂಗುಳಕ್ಕೆ ಅಂಟುತ್ತದೆ. ಎಷ್ಟು ನೀರು ಮುಕ್ಕಳಿಸಿದರೂ ಬೇಗ ಬಿಡುವುದಿಲ್ಲ. ಅದೇ ಹಣ್ಣನ್ನು ಎರಡು ಮೂರು ವಾರ ಅಡುಗೆಕಟ್ಟೆಯ ಮೇಲೆ ಇಟ್ಟು ಮರೆತರೆ, ಚಮಚದಲ್ಲಿ ತೆಗೆದು ತಿನ್ನುವಷ್ಟು ಸಿಹಿಯಾದ ರಸಗೂಡು. ಮರ ಬೆಳೆಸುವುದು ಸುಲಭ. ಕಲಿಯಬೇಕಾದದ್ದು ಈ ಒಗರಿನ ವ್ಯವಹಾರ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅದರಲ್ಲೂ ಸ್ಯಾನ್ ಹೋಸೆ, ಸನಿವೇಲ್, ಫ್ರೀಮಾಂಟ್ ಕಡೆ, ಹಳೆಯ ಮನೆಗಳ ಹಿತ್ತಲಲ್ಲಿ ನಿಂಬೆಯ ಪಕ್ಕ ಒಂದು ಪರ್ಸಿಮನ್ ಮರ ಇರುವುದು ಮಾಮೂಲು. ಅಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅನೇಕರಿಗೆ ಈ ಮರದ ಪರಿಚಯವಾಗುವುದು ಮನೆಯ ಜೊತೆಗೇ. ಕೆಳಗಿನ ವಿವರಗಳೆಲ್ಲ ಆ ಹವೆಗೆ ಹೊಂದುವಂಥವು: ನವೆಂಬರಿನಿಂದ ಮಾರ್ಚ್‌ವರೆಗೆ ಮಳೆ, ಮೇಯಿಂದ ಅಕ್ಟೋಬರ್‌ವರೆಗೆ ಇಲ್ಲವೆನ್ನುವಷ್ಟು ಕಡಿಮೆ, ಚಳಿ ಇದ್ದರೂ ಹಿಮ ಬೀಳುವುದಿಲ್ಲ. ಭಾರತದಲ್ಲಿ ಇದು ಕುಲು ಕಣಿವೆಯಲ್ಲೂ ಕೂನೂರಿನಂಥ ಎತ್ತರದ ಊರುಗಳಲ್ಲೂ ಬೆಳೆಯುತ್ತದೆ. ಹಿಮಾಚಲದವರು ಜಪಾನಿ ಫಲ ಎನ್ನುತ್ತಾರೆ. ಉತ್ತರದ ಕೆಲವು ಅಂಗಡಿಗಳಲ್ಲಿ ರಾಮಫಲ ಎಂದೂ ಮಾರುತ್ತಾರೆ. ನಮ್ಮ ಸೀತಾಫಲದ ತಮ್ಮನಾದ ರಾಮಫಲಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಜವಾದ ನೆಂಟಸ್ತನ ಇರುವುದು ಬೀಡಿ ಎಲೆಯ ಮರದ ಜೊತೆ, ಕರಿಮರದ ಜೊತೆ. ಮೂರೂ ಒಂದೇ ಕುಲದವು, ಡಯಾಸ್ಪಿರಸ್.

ಕೊಳ್ಳುವ ಮೊದಲು ಒಂದು ತೀರ್ಮಾನ ಆಗಬೇಕು: ಒಗರಿನ ಜಾತಿಯೋ, ಒಗರಿಲ್ಲದ್ದೋ. ಹಾಚಿಯಾ ಉದ್ದನೆಯದು, ತುದಿ ಚೂಪು, ದೊಡ್ಡ ಹಣ್ಣು; ಪೂರ್ತಿ ಮೆತ್ತಗಾಗುವ ತನಕ ಒಗರು. ಫುಯು ಚಪ್ಪಟೆ, ಟೊಮೆಟೊ ಆಕಾರ. ಗಟ್ಟಿಯಿರುವಾಗಲೇ ಸೇಬಿನಂತೆ ಕಚ್ಚಿ ತಿನ್ನಬಹುದು. ಫುಯು ಎಂಬ ಚೀಟಿ ಕಟ್ಟಿಕೊಂಡು ಬರುವ ಗಿಡಗಳಲ್ಲಿ ಬಹಳಷ್ಟು ನಿಜಕ್ಕೂ ಜಿರೊ ಎಂಬ ಇನ್ನೊಂದು ತಳಿ. ಹಣ್ಣನ್ನು ಮೇಲಿನಿಂದ ನೋಡಿದಾಗ ನಾಲ್ಕು ಮೂಲೆ, ಬದಿಯಲ್ಲಿ ನಾಲ್ಕು ತೆಳು ಗೀರು ಕಂಡರೆ ಜಿರೊ. ಬೇಸರ ಬೇಡ, ಅದೂ ಒಗರಿಲ್ಲದ್ದೇ. ಒಂದೇ ಗಿಡಕ್ಕೆ ಜಾಗ ಇರುವವರು, ಮನೆಯಲ್ಲಿ ಮಕ್ಕಳಿರುವವರು ಫುಯು ಹಾಕಿ. ಒಣಗಿಸುವ ಆಸೆ ಇದ್ದರೆ ಹಾಚಿಯಾ ಬೇಕೇ ಬೇಕು. ನಮ್ಮ ಮಟ್ಟಿಗೆ ಹಾಚಿಯಾದ್ದೇ ಒಂದು ಕೈ ಮೇಲು, ಆದರೆ ಅದು ಕಾಯಲು ಬರುವವರ ಹಣ್ಣು.

ಕಸಿಯ ಕೆಳಗಿರುವ ಬೇರುಗಿಡ ಯಾವುದೆಂದೂ ನರ್ಸರಿಯಲ್ಲಿ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಾಗಿ ಬಳಸುವುದು ಡಯಾಸ್ಪಿರಸ್ ಲೋಟಸ್. ಹಾಚಿಯಾಕ್ಕೆ ಅದು ಸರಿ; ಫುಯು ಮಾತ್ರ ಅದರ ಮೇಲೆ ಎಲ್ಲ ಕಡೆಯೂ ಚೆನ್ನಾಗಿ ಹೊಂದುವುದಿಲ್ಲ, ಕೆಲವು ವರ್ಷ ಬೆಳೆದು ಸೊರಗುವುದುಂಟು. ಅಮೆರಿಕದ ಕಾಡು ಪರ್ಸಿಮನ್ನಿನ ಬೇರು ಒದ್ದೆ ನೆಲವನ್ನೂ ತಡೆದುಕೊಳ್ಳುತ್ತದೆ, ಆದರೆ ಬುಡದ ಸುತ್ತ ಕಂದುಗಳನ್ನು, ಅಂದರೆ ಬೇರಿನಿಂದೇಳುವ ಮರಿಗಿಡಗಳನ್ನು, ಎಬ್ಬಿಸುತ್ತಲೇ ಇರುತ್ತದೆ. ಆ ಕಂದುಗಳನ್ನು ಬಿಟ್ಟರೆ ಮೇಲಿನ ಕಸಿಯನ್ನೇ ನುಂಗುತ್ತವೆ.

ಬೇರ್-ರೂಟ್ ಗಿಡಗಳು, ಅಂದರೆ ಮಣ್ಣಿಲ್ಲದೆ ಬರಿ ಬೇರಿನಲ್ಲಿ ಮಾರುವ ಗಿಡಗಳು, ಬರುವುದು ಜನವರಿ, ಫೆಬ್ರವರಿಯಲ್ಲಿ. ಪೊಟ್ಟಣ ಬಿಚ್ಚಿದ ಕೂಡಲೇ ಹೊಸಬರು ಹೌಹಾರುತ್ತಾರೆ: ಬೇರೆಲ್ಲ ಕಪ್ಪು, ಇದ್ದಿಲಿನ ಬಣ್ಣ. ಸತ್ತಿದೆ ಎಂದು ವಾಪಸು ಕೊಡಲು ಹೊರಡಬೇಡಿ. ಪರ್ಸಿಮನ್ನಿನ ಬೇರು ಹುಟ್ಟಾ ಕಪ್ಪು. ಉಗುರಿನಿಂದ ಸಿಪ್ಪೆ ಕೆರೆದಾಗ ಒಳಗೆ ತೇವ ಇದ್ದರೆ ಜೀವ ಇದೆ. ಇದರ ತಾಯಿಬೇರು ಉದ್ದ, ಕವಲು ಬೇರು ಕಡಿಮೆ. ಆದ್ದರಿಂದ ಒಣಗಲು ಬಿಡಬಾರದು. ನೆಡುವ ಮೊದಲು ಮೂರು ನಾಲ್ಕು ಗಂಟೆ ಬಕೆಟ್ ನೀರಿನಲ್ಲಿ ನೆನೆಯಲಿ, ಮುರಿದ ತುದಿಗಳನ್ನಷ್ಟೇ ಕತ್ತರಿಸಿ.

ಸ್ಯಾನ್ ಹೋಸೆ ಇರುವ ಸಾಂಟಾ ಕ್ಲಾರಾ ಕಣಿವೆಯ ಬಹುಪಾಲು ನೆಲ ಜಿಗುಟು ಮಣ್ಣಿನದು, ನಮ್ಮ ಎರೆಮಣ್ಣಿನ ಹಾಗೆ: ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಅದರಲ್ಲಿ ಆಳದ ಗುಂಡಿ ತೋಡಿ ಚೀಲದ ಗೊಬ್ಬರ ಸುರಿದರೆ ಗುಂಡಿಯೇ ಬಾನಿಯಾಗಿ ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಬೇರಿನಷ್ಟೇ ಆಳ, ಅದರ ಎರಡರಷ್ಟು ಅಗಲ ಸಾಕು. ತೆಗೆದ ಮಣ್ಣನ್ನೇ ಮತ್ತೆ ತುಂಬಿ. ನೀರು ನಿಲ್ಲುವ ಜಾಗವಾದರೆ 8ರಿಂದ 12 ಇಂಚು ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಕಸಿಯ ಗಂಟು ನೆಲದಿಂದ ಮೂರು ನಾಲ್ಕು ಇಂಚು ಮೇಲಿರಲಿ. ಗುಂಡಿಗೆ ರಾಸಾಯನಿಕ ಗೊಬ್ಬರ ಬೇಡ. ನೆಟ್ಟ ಮೇಲೆ ಕಾಂಡವನ್ನು ಎರಡೂವರೆ ಮೂರಡಿ ಎತ್ತರಕ್ಕೆ ಕತ್ತರಿಸುವುದಕ್ಕೆ ಮನಸ್ಸು ಬರುವುದಿಲ್ಲ, ಆದರೂ ಕತ್ತರಿಸಿ. ಹಾಗೆ ಮಾಡಿದರೇ ಕೈಗೆಟಕುವ ಎತ್ತರದಲ್ಲಿ ಕೊಂಬೆ ಒಡೆಯುವುದು. ಮರದಿಂದ ಮರಕ್ಕೆ, ಗೋಡೆಗೆ ಹದಿನೈದು ಅಡಿಗೆ ಕಡಿಮೆ ಬೇಡ.

ಕಾಂಡಕ್ಕೆ ಬಿಳಿ ಬಣ್ಣ ಹಚ್ಚುವುದನ್ನು ಹಲವರು ಅಲಂಕಾರ ಎಂದುಕೊಂಡು ಬಿಡುತ್ತಾರೆ. ಒಳಗೋಡೆಗೆ ಬಳಿಯುವ ಲೇಟೆಕ್ಸ್ ಬಣ್ಣಕ್ಕೆ ಅಷ್ಟೇ ನೀರು ಬೆರೆಸಿ, ನೆಲದಿಂದ ಮೊದಲ ಕೊಂಬೆಯವರೆಗೆ ಬಳಿಯಿರಿ. ಎಳೆ ತೊಗಟೆಗೆ ಪಡುವಣ ಬಿಸಿಲು ನೇರ ಬಡಿದರೆ ಸುಟ್ಟು ಬಿರಿಯುತ್ತದೆ, ಬಿರುಕಿನಲ್ಲಿ ಕೊರಕ ಹುಳ ಸೇರುತ್ತದೆ.

ಮೊದಲ ವಸಂತದಲ್ಲಿ ಪೀಚ್, ಪ್ಲಮ್ ಎಲ್ಲ ಚಿಗುರಿ ಹಸಿರಾದಾಗಲೂ ಪರ್ಸಿಮನ್ ಬರೀ ಕಡ್ಡಿಯಾಗಿ ನಿಂತಿರುತ್ತದೆ. ಏಪ್ರಿಲ್ ಕಳೆದು ಮೇ ಬಂದರೂ ಮೊಗ್ಗು ಬಿಚ್ಚದಿರಬಹುದು. ಆಗ ಮಾಡುವ ತಪ್ಪು ಎಂದರೆ ಪಾಪ ಎಂದು ದಿನಾ ನೀರು ಹಾಕುವುದು. ಎಲೆಯೇ ಇಲ್ಲದ ಗಿಡ ನೀರು ಕುಡಿಯುವುದಿಲ್ಲ. ಒದ್ದೆಯಲ್ಲಿ ಕೂತ ಬೇರು ಕೊಳೆಯುತ್ತದೆ. ಬೆರಳು ಎರಡು ಗೆಣ್ಣು ಇಳಿಸಿದಾಗ ಒಣಗಿದ್ದರೆ ಮಾತ್ರ ನೀರು. ಎಲೆ ಬಂದ ಮೇಲೆ ವಾರಕ್ಕೆ ಐದು ಗ್ಯಾಲನ್, ಸೆಕೆ ಜೋರಿದ್ದರೆ ವಾರಕ್ಕೆ ಎರಡು ಸಲ. ದೊಡ್ಡ ಮರಕ್ಕೆ ಹತ್ತು ಹದಿನೈದು ದಿನಕ್ಕೊಮ್ಮೆ, ಕಾಂಡದ ಬುಡಕ್ಕಲ್ಲ, ಕೊಂಬೆಗಳ ನೆರಳು ಬೀಳುವ ಸುತ್ತಿನಲ್ಲಿ, ಒಂದಡಿ ಆಳಕ್ಕೆ ಇಳಿಯುವಷ್ಟು. ಮೂರು ನಾಲ್ಕು ಇಂಚು ಮರದ ಚಕ್ಕೆಯ ಹೊದಿಕೆ ಹಾಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ.

ಗೊಬ್ಬರದಲ್ಲಿ ಕೈ ಬಿಗಿ ಇರಲಿ. ಸಾರಜನಕ ಹೆಚ್ಚಾದರೆ ಮರ ಎಲೆ, ಕೊಂಬೆಯಲ್ಲೇ ಮೆರೆದು ಹೀಚನ್ನೆಲ್ಲ ಉದುರಿಸುತ್ತದೆ. ಎಲೆ ಕಡುಹಸಿರಾಗಿ, ವರ್ಷಕ್ಕೆ ಒಂದಡಿಗಿಂತ ಹೆಚ್ಚು ಹೊಸ ಕೊಂಬೆ ಬರುತ್ತಿದ್ದರೆ ಏನೂ ಬೇಡ. ಅಷ್ಟು ಬೆಳೆಯದಿದ್ದರೆ 10-10-10 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ) ಗೊಬ್ಬರವನ್ನು ಬುಡದ ವ್ಯಾಸದ ಪ್ರತಿ ಇಂಚಿಗೆ ಒಂದು ಪೌಂಡ್ ಲೆಕ್ಕದಲ್ಲಿ, ಚಳಿಗಾಲದ ಕೊನೆಗೆ, ಕೊಂಬೆಗಳ ನೆರಳಿನಡಿ ಹರಡಿ. ಪಕ್ಕದ ಹುಲ್ಲುಹಾಸಿಗೆ ಹಾಕಿದ ಗೊಬ್ಬರವೂ ಈ ಬೇರಿಗೆ ಸೇರುತ್ತದೆ ಎಂಬುದನ್ನು ಮರೆಯಬೇಡಿ. ಹೀಚು ಉದುರುತ್ತದೆ ಎಂದು ಗೋಳಾಡುವ ಮನೆಗಳಲ್ಲಿ ಎಷ್ಟೋ ಸಲ ಮರದ ಕೆಳಗೆ ಸೊಗಸಾದ ಹುಲ್ಲು ಇರುತ್ತದೆ.

ಸವರುವುದು ಜನವರಿಯಲ್ಲಿ. ಇಲ್ಲಿ ಗಮನ ಬೇಕು, ಏಕೆಂದರೆ ಹೂ ಬಿಡುವುದು ಈ ವರ್ಷದ ಚಿಗುರಿನಲ್ಲಿ, ಆ ಚಿಗುರು ಹೊರಡುವುದು ಕಳೆದ ವರ್ಷದ ಕಡ್ಡಿಯ ತುದಿಯ ಮೊಗ್ಗುಗಳಿಂದ. ಬೇಲಿ ಕತ್ತರಿಸಿದಂತೆ ಎಲ್ಲ ತುದಿಗಳನ್ನೂ ಸಮ ಮಾಡಿದರೆ ಆ ವರ್ಷದ ಬೆಳೆಯನ್ನೇ ಕತ್ತರಿಸಿದಂತೆ. ಒಂದರ ಮೇಲೊಂದು ಹಾಯುವ, ಒಳಮುಖ ಬೆಳೆದ ಕೊಂಬೆಗಳನ್ನು ಬುಡದಿಂದಲೇ ತೆಗೆಯಿರಿ, ಉಳಿದವುಗಳ ತುದಿ ಮುಟ್ಟಬೇಡಿ. ಕಟ್ಟಿಗೆ ಪೆಡಸು, ಭಾರಕ್ಕೆ ಸಿಗಿಯುತ್ತದೆ. ಕಾಂಡಕ್ಕೆ ಕಿರಿದಾದ ಕೋನದಲ್ಲಿ ಅಂಟಿಕೊಂಡ ಕೊಂಬೆಯನ್ನು ಎಳೆಯದಾಗಿರುವಾಗಲೇ ತೆಗೆಯುವುದು ಒಳ್ಳೆಯದು.

ಮೂರರಿಂದ ಐದನೇ ವರ್ಷದಲ್ಲಿ ಫಲ ಶುರು. ಹೂ ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ. ಕೆನೆಬಣ್ಣದ ಪುಟ್ಟ ಗಂಟೆ, ಎಲೆಯ ಅಡಿಯಲ್ಲಿ ಅಡಗಿ ಕೂತಿರುತ್ತದೆ. ಕೆಳಗೆ ಬಿದ್ದಾಗಲೇ ಗೊತ್ತಾಗುವುದು. ಫುಯು, ಹಾಚಿಯಾ ಎರಡಕ್ಕೂ ಪರಾಗ ಬೇಕಿಲ್ಲ, ಒಂಟಿ ಮರವೂ ಕಾಯಿ ಕಟ್ಟುತ್ತದೆ, ಹೆಚ್ಚಾಗಿ ಬೀಜವಿಲ್ಲದೆ. ಆಮೇಲೆ ಜೂನ್‌ನಲ್ಲಿ ಹೀಚು ಉದುರುವ ಕಾಲ. ಎಳೆ ಮರ ಮೊದಲೆರಡು ಸಲ ಪೂರ್ತಿ ಉದುರಿಸಿದರೂ ಅದು ರೋಗವಲ್ಲ. ನೀರಿನ ಏರುಪೇರು, ಹೆಚ್ಚಾದ ಗೊಬ್ಬರ, ಹೊರಲಾರದಷ್ಟು ಕಾಯಿ, ಇವೇ ಕಾರಣ. ಉಳಿದದ್ದರಲ್ಲಿ ಜೂನ್ ಮುಗಿಯುವ ಮೊದಲು ಕಡ್ಡಿಗೆ ಒಂದು, ಗಟ್ಟಿ ಕಡ್ಡಿಗೆ ಎರಡು ಕಾಯಿ ಬಿಟ್ಟು ಮಿಕ್ಕದ್ದನ್ನು ಕಿತ್ತುಹಾಕಿ. ಕೀಳದಿದ್ದರೆ ಒಂದು ವರ್ಷ ಕೊಂಬೆ ಮುರಿಯುವಷ್ಟು, ಮರುವರ್ಷ ಬೋಳು.

ಕೀಟದ ಕಾಟ ಕಡಿಮೆ. ಹಣ್ಣಿನ ತಲೆಯ ಮೇಲೆ ಬದನೆಕಾಯಿಗಿರುವಂಥ ನಾಲ್ಕೆಸಳಿನ ತೊಟ್ಟು ಇದೆಯಲ್ಲ, ಅದರಡಿ ಹಿಟ್ಟು ತಿಗಣೆ ಮನೆ ಮಾಡುತ್ತದೆ; ಅದನ್ನು ಸಾಕುವುದು ಇರುವೆ. ಕಾಂಡಕ್ಕೆ ಬಟ್ಟೆ ಪಟ್ಟಿ ಸುತ್ತಿ ಅದರ ಮೇಲೆ ಅಂಟು ಬಳಿದು ಇರುವೆಯ ದಾರಿ ಕಟ್ಟಿದರೆ ಅರ್ಧ ಕೆಲಸ ಆಯಿತು. ಅಂಟನ್ನು ನೇರ ತೊಗಟೆಗೆ ಬಳಿಯಬೇಡಿ. ನಿಜವಾದ ಪಾಲುದಾರರು ಅಳಿಲು, ಇಲಿ, ಹಕ್ಕಿ. ಅಳಿಲು ಒಂದು ಹಣ್ಣನ್ನೂ ಪೂರ್ತಿ ತಿನ್ನುವುದಿಲ್ಲ, ಹತ್ತನ್ನು ಕಚ್ಚಿ ನೋಡುತ್ತದೆ. ಪೂರ್ತಿ ಮರಕ್ಕೆ ಬಲೆ ಹೊದಿಸಿದರೆ ಹಕ್ಕಿ ಸಿಕ್ಕಿಕೊಂಡು ಸಾಯುವುದುಂಟು; ಗೊಂಚಲಿಗೆ ಗೊಂಚಲು ತೆಳು ಬಲೆಚೀಲ ಕಟ್ಟುವುದು ಮೇಲು. ಹಾಚಿಯಾದಲ್ಲಿ ಒಂದು ಅನುಕೂಲ, ಒಗರಿರುವ ತನಕ ಅಳಿಲಿಗೂ ಅದು ಬೇಡ.

ಕೊಯ್ಲು ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆ. ಫುಯುವಿನ ತೊಟ್ಟಿನ ಸುತ್ತ ಹಸಿರು ಪೂರ್ತಿ ಹೋಗಿ ಒಂದೇ ಕಿತ್ತಳೆ ಬಣ್ಣ ಬರಲಿ. ಮೊದಲೇ ಕಿತ್ತದ್ದು ಮನೆಯಲ್ಲಿ ಮೆತ್ತಗಾದೀತು, ಸಿಹಿ ಏರುವುದಿಲ್ಲ. ಹಾಚಿಯಾವನ್ನು ಬಣ್ಣ ತುಂಬಿ ಗಟ್ಟಿ ಇರುವಾಗಲೇ ಕೊಯ್ದು ಒಳಗೆ ಹಣ್ಣು ಮಾಡಬಹುದು. ಎಳೆದು ಕೀಳಬೇಡಿ, ತೊಟ್ಟು ಹಣ್ಣಿನಿಂದ ಕಿತ್ತು ಬಂದರೆ ಆ ಗಾಯದಿಂದ ಕೊಳೆಯುತ್ತದೆ. ಕತ್ತರಿಯಿಂದ ಕತ್ತರಿಸಿ, ತೊಟ್ಟು ಹಣ್ಣಿಗೇ ಇರಲಿ. ಮಾವಿನಹಣ್ಣಿನಂತೆ ಒಂದರ ಮೇಲೊಂದು ಪೇರಿಸಲೂಬೇಡಿ. ತೊಟ್ಟು ಕೆಳಗೆ ಮಾಡಿ ಒಂದೇ ಸಾಲಿನಲ್ಲಿ ಇಡಿ.

ಇನ್ನು ಒಗರಿನ ವಿಷಯ. ಹಣ್ಣಿನೊಳಗಿನ ಟ್ಯಾನಿನ್ ಕರಗಿದ ಸ್ಥಿತಿಯಲ್ಲಿದ್ದರೆ ನಾಲಿಗೆಯ ಜೊಲ್ಲಿನ ಪ್ರೋಟೀನನ್ನು ಹಿಡಿದು ಹೆಪ್ಪುಗಟ್ಟಿಸುತ್ತದೆ. ಒಗರು ಅಂದರೆ ಇಷ್ಟೇ. ಆ ಟ್ಯಾನಿನ್ ಕರಗದ ರೂಪಕ್ಕೆ ತಿರುಗಿದರೆ ಹಣ್ಣಿನಲ್ಲೇ ಇದ್ದರೂ ನಾಲಿಗೆಗೆ ಸಿಗುವುದಿಲ್ಲ. ತಿರುಗಿಸುವ ದಾರಿ ಹಲವು. ಸುಮ್ಮನೆ ಕಟ್ಟೆಯ ಮೇಲಿಟ್ಟರೆ ಎರಡು ಮೂರು ವಾರ. ಕಾಗದದ ಚೀಲದಲ್ಲಿ ಮಾಗಿದ ಬಾಳೆಹಣ್ಣಿನ ಜೊತೆ ಇಟ್ಟರೆ ಸುಮಾರು ಒಂದು ವಾರ. ಬಾಳೆಯಿಂದ ಹೊಮ್ಮುವ ಎಥಿಲೀನ್ ಅನಿಲ ಬೇಗ ಹಣ್ಣು ಮಾಡುತ್ತದೆ. ಊರಲ್ಲಿ ಅಕ್ಕಿ ಡಬ್ಬಿಯೊಳಗೆ ಮಾವಿನಕಾಯಿ ಹುಗಿದಿಡುತ್ತಿದ್ದ ತಂತ್ರವೇ ಇದು. ಹದ ನೋಡುವುದು ಹೀಗೆ: ನೀರು ತುಂಬಿದ ಬಲೂನಿನಂತೆ ಜೋತು, ಸಿಪ್ಪೆ ಒಳಗಿನಿಂದ ಬೆಳಕು ಬಂದಂತೆ ಹೊಳೆಯಬೇಕು. ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಟ್ಟಿ ಇದ್ದರೆ ಗಟ್ಟಿ ಕಡೆ ಒಗರು ಹಾಗೇ ಇದೆ. ಅವಸರ ಇದ್ದರೆ ಬಣ್ಣ ತುಂಬಿದ ಹಣ್ಣನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಕರಗಲು ಬಿಡಿ. ಒಗರು ಹೋಗಿರುತ್ತದೆ, ತಿರುಳು ಮಾತ್ರ ಲೋಳೆಯಾಗಿರುತ್ತದೆ.

ಹಣ್ಣು ಗಟ್ಟಿಯಾಗಿಯೇ ಇದ್ದು ಒಗರು ಮಾತ್ರ ಹೋಗಬೇಕೆಂದರೆ ಜಪಾನಿನವರ ದಾರಿ. ತೊಟ್ಟಿನ ಕಡೆಯನ್ನು 35ರಿಂದ 40 ಶೇಕಡಾ ಆಲ್ಕೊಹಾಲಿನ ಮದ್ಯದಲ್ಲಿ ಕ್ಷಣಕಾಲ ಅದ್ದಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಾಳಿ ಹಿಂಡಿ ಬಿಗಿಯಾಗಿ ಕಟ್ಟಿ, ಐದರಿಂದ ಏಳು ದಿನ ಕೋಣೆಯಲ್ಲಿ ಬಿಡುತ್ತಾರೆ. ಅಲ್ಲಿ ಶೋಚು ಬಳಸುತ್ತಾರೆ, ವೋಡ್ಕಾ ಆದರೂ ನಡೆಯುತ್ತದೆ. ಆಲ್ಕೊಹಾಲಿನಿಂದ ಹಣ್ಣಿನೊಳಗೆ ಅಸಿಟಾಲ್ಡಿಹೈಡ್ ಹುಟ್ಟಿ ಟ್ಯಾನಿನ್ನನ್ನು ಕಟ್ಟಿಹಾಕುತ್ತದೆ. ಚೀಲ ಸೋರಿದರೆ ಕೆಲಸ ಕೆಟ್ಟಿತು. ತಿನ್ನುವ ಮುಂಚೆ ಒಂದನ್ನು ಕತ್ತರಿಸಿ ತೊಟ್ಟಿನ ಹತ್ತಿರದ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ, ಒಗರು ಕೊನೆಗೆ ಬಿಡುವುದು ಅಲ್ಲೇ.

ನಮಗೆ ಎಲ್ಲಕ್ಕಿಂತ ಇಷ್ಟ ಹೋಷಿಗಾಕಿ, ಇಡೀ ಹಣ್ಣನ್ನೇ ತೂಗುಹಾಕಿ ಒಣಗಿಸುವುದು. ಜಪಾನಿನಿಂದ ಬಂದ ರೈತ ಕುಟುಂಬಗಳು ಕ್ಯಾಲಿಫೋರ್ನಿಯಾದ ಪ್ಲೇಸರ್ ಕೌಂಟಿಯಲ್ಲಿ ಈ ಕಸುಬನ್ನು ಉಳಿಸಿಕೊಂಡು ಬಂದಿವೆ. ಇದಕ್ಕೆ ಗಟ್ಟಿ ಹಾಚಿಯಾವೇ ಆಗಬೇಕು. ಒಂದು ಚೂರು ಮೆತ್ತಗಾಗಿದ್ದರೂ ಸಿಪ್ಪೆ ಹೆರೆಯುವಾಗ ಜಾರಿ ಹರಿಯುತ್ತದೆ. ಕೊಯ್ಯುವಾಗಲೇ ತೊಟ್ಟಿನ ಜೊತೆ ಕಡ್ಡಿಯ ಅಡ್ಡ ತುಂಡು ಒಂದೆರಡು ಇಂಚು ಉಳಿಸಿಕೊಳ್ಳಿ. ದಾರ ಕಟ್ಟುವುದು ಅದಕ್ಕೆ. ಅದು ಮುರಿದ ಹಣ್ಣಿಗೆ ತೊಟ್ಟಿನೊಳಕ್ಕೆ ಸ್ಟೀಲ್ ಸ್ಕ್ರೂ ತಿರುಗಿಸಿ ದಾರ ಕಟ್ಟಬಹುದು.

ತೊಟ್ಟಿನ ಎಸಳುಗಳನ್ನು ಕತ್ತರಿಸಿ, ಹಣ್ಣಿನ ಭುಜದ ಸುತ್ತ ಚಾಕುವಿನಿಂದ ಒಂದು ಸುತ್ತು ಸಿಪ್ಪೆ ತೆಗೆದು, ಆಮೇಲೆ ಪೀಲರಿನಿಂದ ಮೇಲಿನಿಂದ ಕೆಳಗೆ ಹೆರೆಯಿರಿ. ಹಳೆಯ ಕಬ್ಬಿಣದ ಈಳಿಗೆಮಣೆ ಬಳಸಿದರೆ ಕಬ್ಬಿಣಕ್ಕೂ ಟ್ಯಾನಿನ್ನಿಗೂ ಸೇರಿ ಮಸಿಯಂತೆ ಕಪ್ಪಾಗುತ್ತದೆ, ಸ್ಟೀಲ್ ಇರಲಿ. ಬಟ್ಟೆಗೆ ಬಿದ್ದ ರಸ ಆಮೇಲೆ ಕಂದಾಗಿ ಕೂತರೆ ಹೋಗುವುದಿಲ್ಲ. ಮಲೆನಾಡಿನಲ್ಲಿ ಅಡಿಕೆ ಚೊಗರು ಬಿದ್ದ ಪಂಚೆ ನೋಡಿದವರಿಗೆ ಹೇಳಬೇಕಿಲ್ಲ. ಜಪಾನಿನಲ್ಲಿ ಇದೇ ರಸವನ್ನು ಹುಳಿಯಿಸಿ ಬಟ್ಟೆಗೆ, ಕಾಗದಕ್ಕೆ ಬಣ್ಣ ಕಟ್ಟುತ್ತಾರೆ.

ಒಂದು ದಾರದ ಎರಡು ತುದಿಗೆ ಎರಡು ಹಣ್ಣು ಕಟ್ಟಿ, ಕುದಿಯುವ ನೀರಿನಲ್ಲಿ ಹತ್ತು ಸೆಕೆಂಡ್ ಮುಳುಗಿಸಿ ತೆಗೆದು ಕೋಲಿನ ಮೇಲೆ ಜೋತುಹಾಕಿ. ಬಿಸಿನೀರು ಮೇಲ್ಮೈಯ ಬೂಷ್ಟಿನ ಬೀಜಕಣಗಳನ್ನು ಕೊಲ್ಲುತ್ತದೆ. ಹಣ್ಣಿಗೆ ಹಣ್ಣು ತಾಗಬಾರದು, ಎರಡಿಂಚು ಅಂತರ. ಬಿಸಿಲಿಗಿಂತ ಗಾಳಿ ಮುಖ್ಯ. ನವೆಂಬರಿನ ಮೊದಲ ಮಳೆ ಬಂದರೆ ಒಳಗೆ ತಂದು ಫ್ಯಾನ್ ಹಚ್ಚಿ. ಮಂಜು ಬೀಳುವ ರಾತ್ರಿಗಳಲ್ಲೂ ಒಳಗೇ. ಒದ್ದೆ ಗಾಳಿಯಲ್ಲಿ ಮೊದಲ ನಾಲ್ಕು ದಿನ ಕಳೆದ ಹಣ್ಣು ಬೂಷ್ಟು ಹಿಡಿಯುವುದು ಬಹುತೇಕ ಖಚಿತ. ಚುಕ್ಕೆಯಷ್ಟೇ ಕಂಡರೆ ವೋಡ್ಕಾ ಅದ್ದಿದ ಬಟ್ಟೆಯಿಂದ ಒರೆಸಿ, ಗಾಳಿ ಹೆಚ್ಚಿಸಿ. ಒಳಗಿಳಿದಿದ್ದರೆ ಎಸೆಯಿರಿ.

ಐದರಿಂದ ಏಳು ದಿನಕ್ಕೆ ಮೇಲ್ಮೈ ಚರ್ಮದಂತೆ ಕಟ್ಟಿ, ಬೆರಳಿಗೆ ಅಂಟದೆ ಇರುತ್ತದೆ. ಆ ಪದರ ಗಾಳಿಯನ್ನು ತಡೆಯುವುದರಿಂದಲೇ ಒಳಗೆ ಒಗರು ಇಳಿಯುವುದು. ಈಗ ನೀವುವ ಕೆಲಸ. ಹೆಬ್ಬೆರಳು, ಎರಡು ಬೆರಳ ನಡುವೆ ಹಿಡಿದು, ಹಸುಗೂಸಿನ ಕೈಕಾಲಿಗೆ ಎಣ್ಣೆ ತಿಕ್ಕುವಷ್ಟು ಮೃದುವಾಗಿ, ಒಳಗಿನ ಗಟ್ಟಿ ದಿಂಡು ಸಡಿಲಾಗುವಂತೆ ಒತ್ತುತ್ತ ಬನ್ನಿ. ಮೂರು ನಾಲ್ಕು ದಿನಕ್ಕೊಮ್ಮೆ, ಒಂದು ಹಣ್ಣಿಗೆ ಅರ್ಧ ನಿಮಿಷ. ಮೊದಲ ಸಲ ಒಳಗೆ ಗುಂಡುಕಲ್ಲಿನಂತೆ ಇರುತ್ತದೆ, ಮೂರನೇ ಸಲಕ್ಕೆ ಜೆಲ್ಲಿ. ಪದರ ಕಟ್ಟುವ ಮೊದಲೇ ಒತ್ತಿದರೆ ಹರಿದು ರಸ ಸೋರುತ್ತದೆ, ನೊಣ ಮುತ್ತುತ್ತದೆ. ನೀವುವುದನ್ನೇ ಬಿಟ್ಟರೆ ಹೊರಗೆ ಗಟ್ಟಿ, ಒಳಗೆ ಹಸಿ. ನಾಲ್ಕರಿಂದ ಆರು ವಾರಕ್ಕೆ ಒಳಗಿನ ಸಕ್ಕರೆ ಹೊರಬಂದು ಮೈಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಅದನ್ನು ಬೂಷ್ಟು ಎಂದು ತೊಳೆದವರಿದ್ದಾರೆ! ಸಕ್ಕರೆಯ ಪುಡಿ ಒಣ, ಸಪಾಟು, ನಾಲಿಗೆಗೆ ಸಿಹಿ. ಬೂಷ್ಟಿಗೆ ರೋಮ ಇರುತ್ತದೆ, ಹಸಿರು ಕಪ್ಪು ಛಾಯೆ ಇರುತ್ತದೆ. ತೂಕ ಹಸಿಯದರ ನಾಲ್ಕನೇ ಒಂದು ಪಾಲಿನಷ್ಟು ಉಳಿಯುತ್ತದೆ. ಮೆತ್ತನೆ ಖರ್ಜೂರದ ಹದದಲ್ಲಿ ಇಳಿಸಿ. ಉತ್ತತ್ತಿಯಂತಾದರೆ ಒಣಗಿದ್ದು ಅತಿಯಾಯಿತು.

ಅಡುಗೆಮನೆಯಲ್ಲಿ ಫುಯು ಸರಳ. ಸೀಬೆಹಣ್ಣಿನಂತೆ ಹೋಳು ಮಾಡಿ ಉಪ್ಪು, ಖಾರದಪುಡಿ. ಕೋಸಂಬರಿಗೆ ಸೌತೆಕಾಯಿಯ ಜಾಗದಲ್ಲಿ ಗಟ್ಟಿ ಫುಯು ಬಹಳ ಹೊಂದುತ್ತದೆ: ಅರ್ಧ ಲೋಟ ನೆನೆಸಿದ ಹೆಸರುಬೇಳೆಗೆ ಎರಡು ಹಣ್ಣು ಸಣ್ಣಗೆ ಹೆಚ್ಚಿ, ಕಾಯಿತುರಿ, ಹಸಿಮೆಣಸು, ಸಾಸಿವೆ ಇಂಗಿನ ಒಗ್ಗರಣೆ; ನಿಂಬೆರಸ ಸ್ವಲ್ಪ ಹೆಚ್ಚೇ ಇರಲಿ. ಹಾಚಿಯಾ ತಿರುಳಿಗೆ ತೆಂಗಿನಹಾಲು, ಏಲಕ್ಕಿ ಹಾಕಿದರೆ ರಸಾಯನ, ಬೆಲ್ಲ ಬೇಕಾಗುವುದಿಲ್ಲ. ಆದರೆ ಅದನ್ನು ಒಲೆಯ ಮೇಲಿಡಬೇಡಿ. ಕಾಯಿಸಿದರೆ ಹೋದ ಒಗರು ವಾಪಸು ಬರುತ್ತದೆ. ಕರಗದೆ ಕೂತಿದ್ದ ಟ್ಯಾನಿನ್ ಬಿಸಿಗೆ ಮತ್ತೆ ಕರಗುತ್ತದೆ. ಹಾಚಿಯಾ ಹಾಕಿದ ಕೇಸರಿಬಾತು ನಾಲಿಗೆ ಎಳೆಯುವುದು ಇದಕ್ಕೇ. ಕೇಸರಿಬಾತಿಗೆ, ಹಲ್ವಕ್ಕೆ ಫುಯು ಬಳಸಿ. ಕೇಕಿಗೆ ಹಾಚಿಯಾವೇ ಬೇಕೆಂದರೆ ಒಂದು ಕಪ್ ತಿರುಳಿಗೆ ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ. ಹತ್ತು ನಿಮಿಷದಲ್ಲಿ ಅದು ಹಲ್ವದಂತೆ ಗಟ್ಟಿಯಾಗುತ್ತದೆ, ಒಗರೂ ಅಡಗುತ್ತದೆ.

ಗಟ್ಟಿ ಫುಯುವನ್ನು ಫ್ರಿಜ್ಜಿನಲ್ಲಿ ವಾರಗಟ್ಟಲೆ ಇಡುವುದು ತಪ್ಪು. ಮನೆಯ ಫ್ರಿಜ್ಜಿನ ಐದಾರು ಡಿಗ್ರಿ ಸೆಲ್ಸಿಯಸ್ ಅದಕ್ಕೆ ಆಗದ ಚಳಿ. ತಿರುಳು ಗಾಜಿನಂತಾಗಿ ಲೋಳೆಗಟ್ಟುತ್ತದೆ. ತಂಪಾದ ಗ್ಯಾರೇಜಿನಲ್ಲೇ ಚೆನ್ನ. ಮಾಗಿದ ಹಾಚಿಯಾ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಇನ್ನೊಂದು ಎಚ್ಚರ: ಒಗರು ಹಣ್ಣನ್ನು ಬರಿಹೊಟ್ಟೆಗೆ ಮೇಲಿಂದ ಮೇಲೆ ತಿಂದರೆ ಟ್ಯಾನಿನ್ ಜಠರದಲ್ಲಿ ಗಂಟುಕಟ್ಟಿ ಕಲ್ಲಾಗುವುದುಂಟು. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಸಕ್ಕರೆ ಕಾಯಿಲೆಯಿಂದ ಜೀರ್ಣ ನಿಧಾನವಾದವರು ವೈದ್ಯರನ್ನು ಕೇಳಿ ತಿನ್ನಲಿ.

ಒಣಗಿದ ಹಣ್ಣನ್ನು ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ನವೆಂಬರ್ ಮಧ್ಯದಲ್ಲಿ ಕಟ್ಟಿದ್ದು ಸಂಕ್ರಾಂತಿಯ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತದೆ. ಎಳ್ಳುಬೆಲ್ಲದ ಜೊತೆ ಕೊಡಿ, ಅದರೊಳಗೆ ಮಾತ್ರ ಬೆರೆಸಬೇಡಿ. ತೇವಕ್ಕೆ ಹುರಿಗಡಲೆ, ಕಡಲೆಬೀಜ ಒಂದೇ ದಿನದಲ್ಲಿ ಮೆತ್ತಗಾಗುತ್ತವೆ. ಉದ್ದಕ್ಕೆ ತೆಳ್ಳಗೆ ಸೀಳಿ, ತಟ್ಟೆಯ ಬದಿಗೆ, ಕಬ್ಬಿನ ತುಂಡಿನ ಪಕ್ಕ ಇಡಿ.